ದಾಸಿಯ ಪಾತ್ರ

ನಾಟಕ ಕಂಪನಿಯ ಮಾಲಕ ಬರುವ ಸೋಮವಾರ ತನ್ನ ನಟಿ ಅಂಬುಜಾಳನ್ನು ಮದುವೆಯಾಗುವುದೆಂದು ತಾನೇ ನಿಶ್ಚಯಿಸಿಕೊಂಡಿದ್ದ. ಅವಳು ಒಲ್ಲೆನೆಂದಾಗಿನಿಂದ ಬಿಡಾರದ ಬಾಗಿಲಿಗೆ ಕಾವಲು ಬಿದ್ದಿತ್ತು. ಅವಳು ಹೊರಗೆ ಕಾಣಿಸುತ್ತಿದ್ದುದು ರಂಗದ ಮೇಲೆ ಮಾತ್ರ. ಅಲ್ಲಿ ಅವನು ಧಣಿ, ಅವಳು ಸಂತೆಯಲ್ಲಿ ಕೊಂಡು ತಂದ ದಾಸಿ.

ಅಂದು ಕೊನೆಯ ದೃಶ್ಯದಲ್ಲಿ ಅವನು ಮೀಸೆ ತಿರುವಿ ಕೇಳಿದ, "ಎಲೈ ದಾಸಿ, ನನ್ನನ್ನು ವರಿಸುವೆಯಾ?"

"ತಮ್ಮ ಚಿತ್ತ" ಎನ್ನಬೇಕಿತ್ತು ಅಂಬುಜಾ. "ಒಲ್ಲೆ. ನನ್ನ ಬಿಟ್ಟುಬಿಡ್ರಿ ಧಣಿ" ಎಂದಳು.

ಮಾಲಕ ಹಲ್ಲು ಕಚ್ಚಿ ಪಿಸುಗುಟ್ಟಿದ. "ಏ ಹುಚ್ಚಿ, ಮಾತು ಮರತೇನ?"

"ಇಲ್ರಿ, ಇವತ್ತ ನೆನಪಾತು." ಅವಳು ಹೆಂಗಸರು ಕುಳಿತ ಕಡೆ ತಿರುಗಿದಳು. "ನೀವರ ಹೇಳ್ರೆವ್ವಾ!"

"ಬಿಡೋ ಅಕೀನ!" ಎಂದು ಮುದುಕಿಯೊಬ್ಬಳು ಎದ್ದಳು. "ಬಿಡ್ತೀಯೊ, ಚಪ್ಪಲಿ ತಗೀಲ್ಯೊ?"

ಡೇರೆಗೆ ಡೇರೆಯೇ ಎದ್ದು ನಿಂತಿತು. ಮಾಲಕ ಬೆವೆತುಹೋದ. ಕಡೆಗೆ ಕೈಯೆತ್ತಿ, ಧಣಿಯ ಗತ್ತಿನಲ್ಲೇ ಸಾರಿದ, "ಹೋಗು! ಇಂದಿನಿಂದ ನೀನು ಸ್ವತಂತ್ರಳು!"

ಚಪ್ಪಾಳೆ ನಿಲ್ಲಲೇ ಇಲ್ಲ. ಅಂಬುಜಾ ಅವನಿಗೆ ಕೈಮುಗಿದು, ರಂಗದ ಮುಂಭಾಗದಿಂದಲೇ ಕೆಳಗಿಳಿದು, ದಾರಿ ಬಿಟ್ಟ ಜನರ ನಡುವೆ ಹಾದು, ಬಣ್ಣ ಹಚ್ಚಿದ ಮುಖದಲ್ಲೇ ಹುಬ್ಬಳ್ಳಿ ಬಸ್ಸು ಹತ್ತಿದಳು.