ಕೈಯೋ, ತೊಡೆಯೋ

ಆಂಜಿಯೋಗ್ರಾಮ್‌ನ ನಳಿಗೆ ಯಾವ ರಕ್ತನಾಳದಿಂದ ಒಳಗೆ ಹೋಗುತ್ತದೋ, ಆ ಕೈ ಅಥವಾ ಕಾಲು ತಾನು ಕಲಿತ ಕೆಲಸವನ್ನು ಮರೆತುಬಿಡುತ್ತದೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ನರ್ಸ್ ಫಾರ್ಮ್ ಹಿಡಿದುಕೊಂಡು, ಊಟ ಆಯಿತೇ ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದಳು.

“ಮಣಿಕಟ್ಟಿನಿಂದ ಹಾಕೂಣೋ, ತೊಡಿಯಿಂದೋ? ಕೈ ಆದ್ರ ಸಂಜಿಗೆ ಮನಿಗೆ ಹೋಗಬಹುದು. ತೊಡಿ ಆದ್ರ ಆರು ತಾಸು ಕಾಲು ಅಳ್ಳಾಡಿಸದ ಮಲಗಬೇಕು. ನಡಿಯೂದು ಹದಿನೈದು ದಿನದಾಗ ತಿರುಗಿ ಬರ್ತದ. ಕಲಿತ ಕೆಲಸ ಬರಂಗಿಲ್ಲ.”

ಗುಳೇದಗುಡ್ಡದ ನೇಕಾರ ಮಾಗುಂಡಪ್ಪ ತನ್ನ ಬಲಗೈ ನೋಡಿಕೊಂಡ, ಆಮೇಲೆ ಬಲಗಾಲು. ಲಾಳಿ ಒಗೆಯುವುದು ಕೈ. ಮಗ್ಗದ ಕುಣಿಯೊಳಗೆ ಇಳಿಬಿದ್ದು ಹಲಗೆ ತುಳಿಯುವುದು ಕಾಲು. ನಲವತ್ತು ವರ್ಷ ಎರಡೂ ಅವನನ್ನು ಕೇಳದೆಯೇ ಕೆಲಸ ಮಾಡಿದ್ದವು.

“ತೊಡೀನ ಬರ್ಕೋರಿ ಅಕ್ಕಾರ,” ಎಂದಳು ಹೆಂಡತಿ ಶಂಕ್ರವ್ವ. “ಇವರು ಲಾಳಿ ಒಗೀಲಿ. ನಾ ತುಳೀತೀನಿ.”

ಮಾಗುಂಡಪ್ಪ ಸಹಿ ಹಾಕಿದ.

ಮಧ್ಯಾಹ್ನ ಡಾಕ್ಟರು ಬಂದು, ಹೃದಯದಲ್ಲಿ ಎಲ್ಲೂ ಬ್ಲಾಕ್ ಇಲ್ಲ, ಎದೆನೋವು ಬರೀ ಗ್ಯಾಸಿನದು ಎಂದರು. ಶಂಕ್ರವ್ವ ಕೈಮುಗಿದಳು. ಚಾದರದೊಳಗೆ ಮಾಗುಂಡಪ್ಪನ ಎಡಗಾಲು ತಾನಾಗಿ ಒಮ್ಮೆ ಒತ್ತಿ, ಬಲಗಾಲಿಗಾಗಿ ಕಾಯಿತು. ಬಲಗಾಲು ಸುಮ್ಮನೆ ಬಿದ್ದಿತ್ತು.

“ಹದಿನೈದು ದಿನ ಆಗ್ಲಿ, ಇಬ್ಬರೂ ಕೂಡೇ ಮಗ್ಗಕ್ಕ ಕುಂಡ್ರೂಣು,” ಎಂದಳು ಶಂಕ್ರವ್ವ, ಚಾದರ ಸರಿಮಾಡುತ್ತ.

“ಹೂಂ,” ಎಂದ ಮಾಗುಂಡಪ್ಪ.

ಅವರ ಮಗ್ಗದ ಕುಣಿಯಲ್ಲಿ ಒಬ್ಬರು ಕೂರುವಷ್ಟೇ ಜಾಗವಿತ್ತು. ಅದು ಇಬ್ಬರಿಗೂ ಗೊತ್ತಿತ್ತು.