ಮೂವತ್ತೊಂದನೇ ಮೀಟರು

ಅರವತ್ತು ಮೀಟರ್ ಉದ್ದದ ರೆಕ್ಕೆ ಲಟಾರನೆ ಮುರಿದ ಸದ್ದಿಗೆ ಪರೀಕ್ಷೆಯ ಶೆಡ್ಡಿನ ತಗಡೆಲ್ಲ ಅದುರಿತು. ಉಕ್ಕಿನ ಹಗ್ಗಗಳು ಅದನ್ನು ನೆಲದತ್ತ ಇನ್ನೂ ಪೂರ್ತಿ ಬಗ್ಗಿಸಿರಲೇ ಇಲ್ಲ. ಗಾಳಿಯಂತ್ರದ ಈ ಹಗುರ ರೆಕ್ಕೆ ಎಂಜಿನಿಯರ್ ಮಾರೆನ್‌ಳ ಎರಡು ವರ್ಷದ ಕೆಲಸ. ಕಂಪ್ಯೂಟರಿನೊಳಗೆ ಅವಳು ಅದರ ಮೇಲೆ ಎಬ್ಬಿಸದ ಬಿರುಗಾಳಿಯಿಲ್ಲ. ಅಲ್ಲಿ ಒಮ್ಮೆಯೂ ಮುರಿದಿರಲಿಲ್ಲ.

"ನಾಳೆ ಕೇಕ್ ನಿಂದೇ," ಎಂದು ನಕ್ಕ ಮುಖ್ಯಸ್ಥ ಹೆನಿಂಗ್. ತಪ್ಪು ಮಾಡಿದವರು ಮಾರನೆಯ ಬೆಳಿಗ್ಗೆ ಎಲ್ಲರಿಗೂ ಕೇಕ್ ತರಬೇಕು. ಜುಟ್ಲಾಂಡಿನ ಆ ಕಾರ್ಖಾನೆಯಲ್ಲಿ ಇದಕ್ಕೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. ಆಮೇಲೆ ದನಿ ತಗ್ಗಿಸಿದ. "ಸೋಮವಾರದಿಂದ ಹಳೇ ರೆಕ್ಕೇನೇ ಮಾಡೋಣ, ಮಾರೆನ್. ನಿನ್ನ ಲೆಕ್ಕ ಎಲ್ಲೋ ಕೈಕೊಟ್ಟಿದೆ."

ಎಲ್ಲಿ? ಸಂಜೆಯವರೆಗೂ ಲೆಕ್ಕವನ್ನೆಲ್ಲ ತಿರುವಿ ಹಾಕಿದಳು. ಮುರಿದದ್ದು ಮೂವತ್ತೊಂದನೇ ಮೀಟರಿನಲ್ಲಿ. ಅಪಾಯವಿದ್ದರೆ ಕೆಂಪಾಗಬೇಕಾದ ಆ ಜಾಗ ಪರದೆಯ ಮೇಲೆ ಹಚ್ಚ ಹಸಿರಾಗಿತ್ತು. ರೆಕ್ಕೆಯ ಅಚ್ಚಿನೊಳಗೆ ಗಾಜಿನ ನಾರಿನ ಬಟ್ಟೆ ಹಾಸುವ ಎಗೋನ್‌ನನ್ನು ಅವಳು ಮೊದಲೇ ಕೇಳಿದ್ದಳು, ಎಲ್ಲಾದರೂ ಸುಕ್ಕು ಬೀಳುತ್ತದೆಯೇ ಎಂದು. "ನನ್ನ ಕೈಲಾ?" ಎಂದು ಅವನು ಹುಬ್ಬೇರಿಸಿದ್ದ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಕೇಕ್ ತರದ ಆಸಾಮಿ! ಅವಳು ಲೆಕ್ಕದಲ್ಲಿ ಸುಕ್ಕಿನ ಎತ್ತರಕ್ಕೆ ಸೊನ್ನೆ ಹಾಕಿ ಮುಂದೆ ಹೋಗಿದ್ದಳು.

ಬೆಳಿಗ್ಗೆ ಬೇಕರಿಯ ಪೆಟ್ಟಿಗೆ ಹಿಡಿದು ಬಂದರೆ ಮೇಜಿನ ಮೇಲೆ ಆಗಲೇ ಒಂದು ಕೇಕ್ ಇತ್ತು. ಕೊಬ್ಬರಿ ತುರಿ ಹೊದಿಸಿದ ಮನೆಯ ಕೇಕ್, ಒಂದು ಬದಿ ಕುಸಿದಿತ್ತು. ಪಕ್ಕದಲ್ಲಿ ಎಗೋನ್.

"ಯಾರ ಹುಟ್ಟುಹಬ್ಬ?" ಹೆನಿಂಗ್ ಕೇಳಿದ.

"ಹುಟ್ಟುಹಬ್ಬ ಅಲ್ಲ, ತಪ್ಪಿಂದು. ನಂದು." ಎಗೋನ್ ಯಾರ ಮುಖವನ್ನೂ ನೋಡಲಿಲ್ಲ. "ಮೂವತ್ತೊಂದನೇ ಮೀಟರಲ್ಲಿ ಬಟ್ಟೆ ಸುಕ್ಕಾಗಿತ್ತು. ಅಂಗೈಲಿ ಒತ್ತಿ ಸುಮ್ನಾದೆ. ಈ ಹುಡುಗೀದೇನೂ ತಪ್ಪಿಲ್ಲ."

ಮಾರೆನ್‌ಗೆ ಮೈಯೆಲ್ಲ ಉರಿಯಿತು. "ಕೇಳಿದಾಗ ಬಾಯಿಗೆ ಬೀಗ ಬಿದ್ದಿತ್ತಾ?"

"ಬಿದ್ದಿತ್ತು."

ಅವಳು ಲ್ಯಾಪ್‌ಟಾಪ್ ತೆರೆದಳು. "ಎಷ್ಟು ಎತ್ತರದ ಸುಕ್ಕು?"

"ಎರಡು ಮಿಲಿಮೀಟರು. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ."

ಸೊನ್ನೆ ಅಳಿಸಿ ಎರಡು ಬರೆದಳು. ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಎಲ್ಲರೂ ಪರದೆ ನೋಡುತ್ತ ನಿಂತರು. ಮೂವತ್ತೊಂದನೇ ಮೀಟರು ಕೆಂಪಗಾಯಿತು. ಕಂಪ್ಯೂಟರಿನ ರೆಕ್ಕೆ ಮೊದಲ ಸಲ ಮುರಿಯಿತು, ಶೆಡ್ಡಿನಲ್ಲಿ ಮುರಿದ ಜಾಗದಲ್ಲೇ.

"ಹಳೇ ರೆಕ್ಕೆ ವಿಷಯ ಆಮೇಲೆ ನೋಡೋಣ," ಎಂದು ಹೆನಿಂಗ್ ತಟ್ಟೆಗಳನ್ನು ಹಂಚಿದ.

ಮಾರೆನ್‌ಗೆ ಅಳು ಬರುವಷ್ಟು ಸಂತೋಷವಾಯಿತು. ಎಗೋನ್‌ಗೆ ತಾನೇ ಕೇಕ್ ಕತ್ತರಿಸಿ ಕೊಟ್ಟಳು. "ಇದೊಂದೇ ಸುಕ್ಕು ತಾನೇ?"

ಎಗೋನ್ ಕಿಟಕಿಯತ್ತ ನೋಡಿದ. ಹೊರಗೆ ಕಡಲಂಚಿನ ಉದ್ದಕ್ಕೂ ಕಾರ್ಖಾನೆಯ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ಅವನು ಕುರ್ಚಿ ಎಳೆದುಕೊಂಡು ಕೂತ.

"ಇನ್ನೊಂದು ಫ್ಲಾಸ್ಕ್ ಕಾಫಿ ತರಿಸು, ಮಾರಾಯ್ತಿ. ಇಪ್ಪತ್ತಾರು ವರ್ಷದ್ದಿದೆ."