ಬೈದರೆ ಹಾಲು ಕೊಡುವ ಎಮ್ಮೆ

ದೈಹಿಕ ಶಿಕ್ಷಕ ದುರುಗಪ್ಪ ತೀರಿಹೋದ ತಾಯಿಯ ಹಸಿರು ಸೀರೆ ಉಟ್ಟು, ಮೀಸೆಯ ತನಕ ಸೆರಗು ಎಳೆದುಕೊಂಡು ಕೊಟ್ಟಿಗೆಗೆ ಹೋದಾಗ ಬೆಳಗಿನ ಆರೂವರೆ. ಎಮ್ಮೆ ಲಚ್ಚಿ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿತು. ಆಮೇಲೆ ಮುಖ ತಿರುಗಿಸಿತು.

"ಕುಂತ್ಕೊಳ್ರಿ ಮೊದ್ಲು," ಎಂದಳು ಹೆಂಡತಿ ನೇತ್ರಾವತಿ. "ಅತ್ತೆ ಏನು ಹಿಂಗೆ ಎದೆ ಉಬ್ಬಿಸ್ಕೊಂಡು ನಿಲ್ತಿದ್ರಾ?"

ತಾಯಿ ಭೀಮಕ್ಕ ಹೋಗಿ ಅಂದಿಗೆ ಮೂರನೇ ದಿನ. ಹತ್ತು ಗಂಟೆಗೆ ಅವಳನ್ನು ಮಣ್ಣು ಮಾಡಿದ ಗುಣಿಯ ಮೇಲೆ ಹಾಲುತುಪ್ಪ ಬಿಡಬೇಕು. "ನನ್ ಗುಣಿಗೆ ಲಚ್ಚಿ ಹಾಲೇ ಬಿಡ್ಬೇಕು. ಪ್ಯಾಕೆಟ್ ಹಾಲು ತಂದ್ರೆ ಎದ್ದು ಬರ್ತೀನಿ ನೋಡು," ಎಂದು ಹೇಳಿಟ್ಟಿದ್ದಳು. ಎಂಬತ್ತಾರು ವರ್ಷ ಬದುಕಿದವಳು ಮಗನನ್ನು ಕೇಳಿದ್ದು ಅದೊಂದೇ. ಅವನ ಮನೆಯ ಎದುರಿಗೇ ಒಂದು ಕೋಣೆ, ತನ್ನದೇ ಒಲೆ, ತನ್ನದೇ ಎಮ್ಮೆ. ಬಾರವ್ವ ಎಂದು ಕರೆದರೆ, "ನಿನ್ ಮನ್ಯಾಗಿದ್ರೆ ನೀನು ಸೀಟಿ ಊದ್ದಂಗೆಲ್ಲ ಎದ್ದು ಕೂರ್ಬೇಕಾಗ್ತೈತೆ," ಎನ್ನುತ್ತಿದ್ದಳು. ಎಂಬತ್ತು ದಾಟಿದ ಮೇಲೂ ಜಗಳೂರಿನಿಂದ ಹಿಂಡಿ ಮೂಟೆ ತರಲು ಒಬ್ಬಳೇ ಹೋಗುತ್ತಿದ್ದಳು. ಬಸ್ಸಿನಲ್ಲಿ ಮೊದಲು ಮೂಟೆಗೆ ಸೀಟು, ಆಮೇಲೆ ತನಗೆ. ಅಂಥವಳ ಒಂದೇ ಒಂದು ಮಾತನ್ನೂ ನಡೆಸಲಾಗದಿದ್ದರೆ ತಾನೆಂಥ ಮಗ ಎಂದು ದುರುಗಪ್ಪನಿಗೆ ಎರಡು ದಿನದಿಂದ ಸಂಕಟವಾಗಿತ್ತು.

ಲಚ್ಚಿಗೂ ಸಂಕಟವೇ. ಕರು ಸತ್ತ ಮೇಲೆ ಅದು ಭೀಮಕ್ಕನ ಕೈಗಲ್ಲದೆ ಇನ್ನಾರಿಗೂ ಹಾಲು ಇಳಿಸುತ್ತಿರಲಿಲ್ಲ. ಕೆಚ್ಚಲು ಕಲ್ಲಾಗಿದ್ದರೂ, ಹಿಂಡಲು ಬಂದ ಮೂವರನ್ನು ಒದ್ದು ಕಳಿಸಿತ್ತು. ಸೀರೆಯ ಉಪಾಯ ಹೇಳಿದವನು ಡೇರಿಯ ಆಂಜನೇಯ. ಉಪಾಯ ಕೇಳಿಸಿಕೊಂಡ ದುರುಗಪ್ಪ, ನೋಡಲು ಬರಕೂಡದೆಂದು ಅವನಿಂದ ಆಣೆ ಮಾಡಿಸಿಕೊಂಡಿದ್ದ.

ದುರುಗಪ್ಪ ಕುಕ್ಕರಗಾಲಲ್ಲಿ ಕುಳಿತ. ಲಚ್ಚಿ ಸೆರಗನ್ನು ಮೂಸಿತು, ಉಸ್ಸೆಂದಿತು. ಒದೆಯಲಿಲ್ಲ. ಆದರೆ ಹಾಲೂ ಬರಲಿಲ್ಲ.

"ಸೀರೆ ಒಪ್ಪೈತೆ, ಮಾತು ಬೇಕು ಅದಕ್ಕೆ," ಎಂದಳು ನೇತ್ರಾವತಿ. "ಅತ್ತೆ ಹಾಲು ಹಿಂಡ್ತಾ ದಿನಾ ಬೈತಿದ್ರು."

"ಎಮ್ಮೇನಾ?"

"ನಿಮ್ಮನ್ನ."

ದುರುಗಪ್ಪ ಸೆರಗು ಸರಿಸಿ ಹೆಂಡತಿಯನ್ನು ನೋಡಿದ.

"ಮೊದಲ್ನೇ ಚೊಂಬು ತುಂಬೋ ತಂಕ ದಿನಾ ಇಲ್ಲೇ ನಿಂತು ಕೇಳಿದೀನಿ, ಒಂದಕ್ಷರ ಮರ್ತಿಲ್ಲ," ಎಂದ ಅವಳ ಮುಖ ಮೂರು ದಿನದಲ್ಲಿ ಮೊದಲ ಬಾರಿಗೆ ಅರಳಿತ್ತು. "ಹೇಳ್ಕೊಡ್ತೀನಿ, ಅನ್ರಿ. ಊರ ಹುಡುಗ್ರಿಗೆಲ್ಲ ಓಡು ಓಡು ಅಂತಾನೆ, ತಾನು ಬೀದಿ ತುದೀಗೆ ಹೋಗಾಕೂ ಗಾಡಿ ಹತ್ತುತಾನೆ!"

ದುರುಗಪ್ಪ ಸಣ್ಣ ದನಿ ಮಾಡಿ ಅಂದ. ಲಚ್ಚಿಯ ಒಂದು ಕಿವಿ ಅಲುಗಿತು.

"ಅವನು ಮೀಸೆಗೆ ಹಾಕೋ ಎಣ್ಣೇಲಿ ಎರಡು ಮನೆ ಸಾರಿಗೆ ಒಗ್ಗರಣೆ ಆಗ್ತೈತೆ!"

ಅದನ್ನೂ ಅಂದ.

"ಹೆಂಡ್ತೀನ ಒಂದಿನನಾದ್ರೂ ದಾವಣಗೆರೆಗೆ ಸಿನಿಮಾಕ್ಕೆ ಕರ್ಕೊಂಡು ಹೋದ್ನಾ?"

"ಇದು ಅವ್ವ ಅಂದಿದ್ದಲ್ಲ."

"ಅನ್ರಿ, ಹೊತ್ತಾಗ್ತೈತೆ."

ಅಂದ. ಹಾಲು ಮಾತ್ರ ಬರಲಿಲ್ಲ. ನೇತ್ರಾವತಿ ಸ್ವಲ್ಪ ಯೋಚಿಸಿ, ದನಿ ತಗ್ಗಿಸಿ ಹೇಳಿದಳು: "ಬಿಸಿಲಾಗೆ ನಿಂತು ನಿಂತು ಅವನ ಹೊಟ್ಟೆ ಉರೀತೈತೆ ಲಚ್ಚಿ. ನಿನ್ ಮಜ್ಜಿಗೆ ಕಳಿಸಿದ್ರೆ ಹಂಗೇ ವಾಪಸ್ ತರ್ತಾನೆ, ಮುಂಡೇದು."

ಅವ್ವ ಕೊನೆಯ ದಿನ ಕಳಿಸಿದ್ದ ಮಜ್ಜಿಗೆ ಡಬ್ಬಿ ಇನ್ನೂ ದುರುಗಪ್ಪನ ಗಾಡಿಯ ಪೆಟ್ಟಿಗೆಯಲ್ಲೇ ಇತ್ತು. "ಬಿಸಿಲಾಗೆ ನಿಂತು ನಿಂತು..." ಎಂದು ಶುರು ಮಾಡಿದ. ಮಿಕ್ಕ ಮಾತು ಒಡೆದು, ತೆಳ್ಳಗಾಗಿ, ನಡುಗುತ್ತಾ ಹೊರಬಂತು. ಅದು ಥೇಟ್ ಭೀಮಕ್ಕನ ದನಿ. ಲಚ್ಚಿ ಎರಡೂ ಕಿವಿ ನಿಮಿರಿಸಿತು, ಹಿಂಗಾಲು ಅಗಲಿಸಿತು. ಚೊಂಬಿಗೆ ಹಾಲು ಸೊರ್ರೆಂದು ಬಿತ್ತು. ದುರುಗಪ್ಪ ಅಳುತ್ತಲೇ ತನ್ನನ್ನು ಬೈದುಕೊಂಡ, ಬೈದುಕೊಳ್ಳುತ್ತಲೇ ಹಿಂಡಿದ. ಚೊಂಬು ತುಂಬಿತು. ಹಾಲುತುಪ್ಪಕ್ಕೆ ಧಾರಾಳವಾಯಿತು. ನೇತ್ರಾವತಿ ಅದನ್ನೆತ್ತಿಕೊಂಡು, ಎರಡನೇ ಚೊಂಬು ಇಟ್ಟಳು.

ಆಗ ಗೋಡೆಯಾಚೆಯಿಂದ ಪಕ್ಕದ ಮನೆಯ ಮುದುಕ ಬೆನಕಪ್ಪನ ತಲೆ ಮೂಡಿತು. ವಾರದಿಂದ ಕೆರೆಬಿಳಚಿಯ ಮಗಳ ಮನೆಯಲ್ಲಿದ್ದು, ಆಗಷ್ಟೇ ಬಸ್ಸಿಳಿದು ಬಂದಿದ್ದ. ಸಾವಿನ ಸುದ್ದಿ ಅವನಿಗಿನ್ನೂ ತಲುಪಿರಲಿಲ್ಲ. ಪೊರೆ ಬಂದ ಕಣ್ಣಿಗೆ ಹಸಿರು ಸೀರೆಯಷ್ಟೇ ಕಂಡಿತು.

"ಭೀಮಕ್ಕಾ, ಬೈಯೋದು ಮುಗೀತಾ?" ಎಂದ. "ಇನ್ನ ಹೊಗಳೋದು ಶುರು ಮಾಡವ್ವ. ದಿನಾ ಎರಡ್ನೇ ಚೊಂಬಿಗೆ ಮಗನ್ನ ಹೊಗಳ್ತಿದ್ಯಲ್ಲ. ವಾರ ಆತು ಕೇಳಿ."

ದುರುಗಪ್ಪ ಹೆಂಡತಿಯ ಕಡೆ ನೋಡಿದ. ದಿನಾ ಮೊದಲ ಚೊಂಬು ತುಂಬುತ್ತಲೇ ಅದನ್ನೆತ್ತಿಕೊಂಡು ಚಹಾ ಕಾಯಿಸಲು ಓಡುತ್ತಿದ್ದವಳು ಅವಳು. ಗೊತ್ತಿಲ್ಲವೆಂದು ತಲೆಯಾಡಿಸಿದಳು. ಲಚ್ಚಿ ಹಾಲು ನಿಲ್ಲಿಸಿ, ಕತ್ತು ಹೊರಳಿಸಿ, ಕಾಯುತ್ತ ನಿಂತಿತು.

ದುರುಗಪ್ಪ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡ.

"ಇವತ್ತು ಯಾಕೋ ಮರ್ತೋಗೈತೆ ಬೆನಕಪ್ಪ," ಎಂದ, ತಾಯಿಯ ದನಿಯಲ್ಲೇ. "ನಾನು ಏನೇನು ಅಂತಿದ್ದೆ, ನೀನೇ ಒಂದೀಟು ಹೇಳು."